ಸಂಕಷ್ಟಿಯ ಚಂದ್ರ ದೆಹಲಿಯಲ್ಲಿ ಒಮ್ಮೆ ಬೇಗ, ಒಮ್ಮೆ ತಡ: ಏಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ರತಿ ತಿಂಗಳೂ ಸಂಕಷ್ಟಹರ ಚತುರ್ಥಿಯನ್ನು ಆಚರಿಸುತ್ತೇವೆ. ಚಂದ್ರನನ್ನು ನೋಡಿ ಅರ್ಘ್ಯ ಕೊಟ್ಟ ಮೇಲೆಯೇ ಊಟ. ಮಗಳು ದೆಹಲಿಯಲ್ಲಿದ್ದಾಳೆ. 2025ರ ಅಕ್ಟೋಬರ್ 10ರ ಸಂಕಷ್ಟಿಯಂದು ಅವಳ ಊರಿನಲ್ಲಿ ರಾತ್ರಿ ಸುಮಾರು 8.15ಕ್ಕೇ ಚಂದ್ರೋದಯ, ಬೆಂಗಳೂರಿನಲ್ಲಿ ನಮಗೆ ಸುಮಾರು 8.50. ಅದೇ ವರ್ಷದ ಮೇ 16ರ ಸಂಕಷ್ಟಿಯಂದು ಇದಕ್ಕೆ ತದ್ವಿರುದ್ಧ: ನಮಗೆ ಹತ್ತಕ್ಕೆ ಸ್ವಲ್ಪ ಮೊದಲು, ಅವಳಿಗೆ ಹತ್ತೂವರೆ ದಾಟಿದ ಮೇಲೆ. ಚಂದ್ರ ದಿನಕ್ಕೆ 50 ನಿಮಿಷ ತಡವಾಗಿ ಹುಟ್ಟುತ್ತಾನೆ ಎಂದು ಶಾಲೆಯಲ್ಲಿ ಕಲಿತಿದ್ದೆ. ಆ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಇನ್ನು, ಪಂಚಾಂಗದಲ್ಲಿ ಕೊಟ್ಟ ಸಮಯಕ್ಕೆ ತಾರಸಿಗೆ ಹೋದರೆ ಚಂದ್ರನ ಸುಳಿವೇ ಇರುವುದಿಲ್ಲ. ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ದಿನ ಚಂದ್ರೋದಯದ ಜಾಗದಲ್ಲಿ ಬರೀ ಒಂದು ಗೆರೆ ಇರುತ್ತದೆ. ಇವೆಲ್ಲ ಏಕೆ ಹೀಗೆ?

ಉತ್ತರ: ಶಾಲೆಯ ಲೆಕ್ಕ ತಪ್ಪಲ್ಲ, ಆದರೆ ಅದು ಸರಾಸರಿ. ಚಂದ್ರೋದಯದ ಹೊತ್ತನ್ನು ನಿರ್ಧರಿಸುವ ದೊಡ್ಡ ಸಂಗತಿ ಒಂದೇ ಒಂದು: ಆಕಾಶದಲ್ಲಿ ಸೂರ್ಯನಿಗೂ ಚಂದ್ರನಿಗೂ ನಡುವೆ ಇರುವ ಕೋನ. ಉಳಿದವೆಲ್ಲ ಅದರ ಮೇಲೆ ಮಾಡಬೇಕಾದ ತಿದ್ದುಪಡಿಗಳು. ಕೆಲವು ಒಂದು ಗಂಟೆಯಷ್ಟು ದೊಡ್ಡವು, ಕೆಲವು ಅರ್ಧ ನಿಮಿಷದಷ್ಟು ಚಿಕ್ಕವು. ನಿಮ್ಮ ದೆಹಲಿಯ ಸಮಸ್ಯೆ ದೊಡ್ಡ ತಿದ್ದುಪಡಿಗಳಲ್ಲಿ ಒಂದು. ಅಲ್ಲಿಗೆ ಹೋಗುವ ಮುನ್ನ ಮೂಲ ಲೆಕ್ಕವನ್ನು ಕೈಗೆ ತೆಗೆದುಕೊಳ್ಳೋಣ.

ಚಂದ್ರ ನಕ್ಷತ್ರಗಳ ನಡುವೆ ದಿನಕ್ಕೆ ಸರಾಸರಿ 13.2 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಸೂರ್ಯನೂ ಅದೇ ದಿಕ್ಕಿಗೆ ದಿನಕ್ಕೆ ಸುಮಾರು 1 ಡಿಗ್ರಿ ಸರಿಯುತ್ತಾನೆ. ಆದ್ದರಿಂದ ಇಬ್ಬರ ನಡುವಿನ ಅಂತರ ದಿನಕ್ಕೆ 12 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಭೂಮಿ 1 ಡಿಗ್ರಿ ತಿರುಗಲು 4 ನಿಮಿಷ ಬೇಕು. ಗುಣಿಸಿ ನೋಡಿದರೆ ನಿಮ್ಮ ಶಾಲೆಯ 50 ನಿಮಿಷ ಸಿಗುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ ಬರುವುದೂ ಇದೇ ಅಂತರ 360 ಡಿಗ್ರಿ ತುಂಬಲು ಬೇಕಾದ ಕಾಲದಿಂದ.

ಪಂಚಾಂಗದ ತಿಥಿ ಎಂದರೆ ಈ ಕೋನವೇ, ಬೇರೇನಲ್ಲ. ಪ್ರತಿ 12 ಡಿಗ್ರಿಗೆ ಒಂದು ತಿಥಿ. ಶುದ್ಧ ಪಾಡ್ಯ 0ಯಿಂದ 12 ಡಿಗ್ರಿ, ಬಿದಿಗೆ 12ರಿಂದ 24, ಹೀಗೆ ಹುಣ್ಣಿಮೆಯ ಕೊನೆಗೆ 180, ಅಮಾವಾಸ್ಯೆಯ ಕೊನೆಗೆ 360. 12 ಡಿಗ್ರಿ ಎಂದರೆ 48 ನಿಮಿಷ, ಎಂದರೆ ಸರಿಯಾಗಿ ಎರಡು ಗಳಿಗೆ. ಗಳಿಗೆ 24 ನಿಮಿಷದ್ದು ತಾನೆ? ಆದ್ದರಿಂದ ಗಡಿಯಾರವಿಲ್ಲದ ಕಾಲದಲ್ಲೂ ಈ ಲೆಕ್ಕ ಮಾಡುವುದು ಸುಲಭವಾಗಿತ್ತು: ಶುಕ್ಲಪಕ್ಷದಲ್ಲಿ ಕಳೆದ ತಿಥಿಗೆ ಎರಡು ಗಳಿಗೆಯಂತೆ ಸೂರ್ಯಾಸ್ತಕ್ಕೆ ಕೂಡಿಸಿದರೆ ಚಂದ್ರಾಸ್ತ, ಕೃಷ್ಣಪಕ್ಷದಲ್ಲಿ ಅದೇ ರೀತಿ ಕೂಡಿಸಿದರೆ ಚಂದ್ರೋದಯ. ಅರ್ಧ ಗಂಟೆ ಆಚೀಚೆ ಆದರೂ ಪರವಾಗಿಲ್ಲ ಎನ್ನುವವರಿಗೆ ಇಷ್ಟು ಸಾಕು. ಮೊಬೈಲ್ ತೆಗೆಯುವ ಅಗತ್ಯವೇ ಇಲ್ಲ.

ಇದನ್ನು ಹಿಡಿದು ಒಂದು ತಿಂಗಳು ನಡೆದು ನೋಡಿ. ಅಮಾವಾಸ್ಯೆಯಂದು ಚಂದ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾನೆ. ಬಿದಿಗೆಯ ಹೊತ್ತಿಗೆ ಸಂಜೆ ಪಡುವಣದಲ್ಲಿ ತೆಳ್ಳನೆಯ ಗೆರೆಯಾಗಿ ಕಾಣಿಸಿಕೊಂಡು, ಒಂದು ಗಂಟೆ ಒಂದೂವರೆ ಗಂಟೆಯೊಳಗೆ ಮುಳುಗುತ್ತಾನೆ. ಅವನು ಹುಟ್ಟಿದ್ದು ಬೆಳಿಗ್ಗೆ ಸೂರ್ಯನ ಹಿಂದೆಯೇ. ಆ ಬೆಳಕಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಶುದ್ಧ ಅಷ್ಟಮಿಯ ಅರ್ಧಚಂದ್ರ ನಡುಹಗಲಿಗೆ ಹುಟ್ಟಿ, ಸೂರ್ಯ ಮುಳುಗುವಾಗ ಆಕಾಶದ ಅತಿ ಎತ್ತರದ ಭಾಗದಲ್ಲಿದ್ದು, ನಡುರಾತ್ರಿ ಮುಳುಗುತ್ತಾನೆ. ದಶಮಿ, ಏಕಾದಶಿಗಳಲ್ಲಿ ಮಧ್ಯಾಹ್ನ ಎರಡು ಮೂರು ಗಂಟೆಗೆ ಹುಟ್ಟುವುದರಿಂದ ಸಂಜೆ ಶಾಲೆ ಬಿಟ್ಟು ಬರುವ ಮಕ್ಕಳಿಗೆ ಮೂಡಣದಲ್ಲಿ ಬಿಳಿಚಿಕೊಂಡ ಚಂದ್ರ ಕಾಣುತ್ತಾನೆ. ಹುಣ್ಣಿಮೆಯಂದು ಸೂರ್ಯ ಅತ್ತ ಮುಳುಗುತ್ತಿದ್ದಂತೆ ಚಂದ್ರ ಇತ್ತ ಮೇಲೇಳುತ್ತಾನೆ. ಆಮೇಲಿನ ಪಕ್ಷದಲ್ಲಿ ಉದಯವೇ ರಾತ್ರಿಯ ಪಾಲಿಗೆ ಬರುತ್ತದೆ. ಬಹುಳ ಅಷ್ಟಮಿಯಂದು ನಡುರಾತ್ರಿಯ ಆಸುಪಾಸಿಗೆ. ಕೃಷ್ಣಾಷ್ಟಮಿಯ ಪೂಜೆ ಮುಗಿಸಿ ಹೊರಗೆ ಬಂದವರು ಮೂಡಣದ ಕಡೆ ಒಮ್ಮೆ ನೋಡಬಹುದು. ಶಿವರಾತ್ರಿಯ ಜಾಗರಣೆಯನ್ನು ಕೊನೆಯವರೆಗೂ ಮಾಡಿದವರಿಗೆ ಮಾತ್ರ ಆ ರಾತ್ರಿಯ ಚಂದ್ರ ಸಿಗುತ್ತಾನೆ: ಬೆಳಗಿನ ಜಾವ, ಸೂರ್ಯೋದಯಕ್ಕೆ ಸುಮಾರು ಒಂದು ಗಂಟೆ ಮೊದಲು, ದಿಗಂತದ ಬಳಿ ಕೂದಲೆಳೆಯಷ್ಟು.

ಇಲ್ಲಿ ಒಂದು ಮಾತು ಸೇರಿಸಬೇಕು. ನಾವು ಶುಕ್ಲಪಕ್ಷದ ಬಹುಪಾಲು ದಿನ ಕಣ್ಣಾರೆ ಕಾಣುವುದು ಚಂದ್ರಾಸ್ತವನ್ನು. ಕೃಷ್ಣಪಕ್ಷದಲ್ಲಿ ಕಾಣುವುದು ಚಂದ್ರೋದಯವನ್ನು. ಮತ್ತೊಂದು ತುದಿ ಹಗಲಿನಲ್ಲಿ ಅಡಗಿರುತ್ತದೆ. ಪತ್ರಿಕೆಗಳ ಕಥೆಗಳಿಗೆ ಚಿತ್ರ ಬರೆಯುವವರು ಇದನ್ನು ಗಮನಿಸುವುದೇ ಇಲ್ಲ. ನಡುರಾತ್ರಿಯ ಸನ್ನಿವೇಶ, ಕಳ್ಳ ಗೋಡೆ ಹಾರುತ್ತಿದ್ದಾನೆ, ನೆತ್ತಿಯ ಮೇಲೆ ಬಿದಿಗೆಯ ಚಂದ್ರ! ಬಿದಿಗೆಯ ಚಂದ್ರ ಆ ಹೊತ್ತಿಗೆ ಮುಳುಗಿ ನಾಲ್ಕು ಗಂಟೆಯಾದರೂ ಆಗಿರುತ್ತದೆ. ಕಳ್ಳನಿಗೆ ಈ ವಿಷಯ ಚಿತ್ರಕಾರನಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಚೌತಿಗಳ ಜೋಡಿಯನ್ನೂ ನೋಡಿ. ಭಾದ್ರಪದ ಶುದ್ಧ ಚೌತಿಯಂದು ಚಂದ್ರನನ್ನು ನೋಡಬಾರದು ಎನ್ನುತ್ತಾರೆ; ಪ್ರತಿ ಬಹುಳ ಚೌತಿಯಂದು ನೋಡದೆ ಊಟ ಮಾಡಬಾರದು ಎನ್ನುತ್ತಾರೆ. ಮೊದಲನೆಯದರಲ್ಲಿ ಚಂದ್ರ ಸೂರ್ಯನಿಂದ 36ರಿಂದ 48 ಡಿಗ್ರಿ ಪೂರ್ವಕ್ಕಿರುತ್ತಾನೆ. ಎರಡನೆಯದರಲ್ಲಿ ಸೂರ್ಯನ ನೇರ ಎದುರಿನ ಬಿಂದುವಿನಿಂದ ಅಷ್ಟೇ ಡಿಗ್ರಿ ಮುಂದೆ ಇರುತ್ತಾನೆ. ಹಾಗಾಗಿ ಗಣೇಶ ಚೌತಿಯ ಚಂದ್ರ ಪಡುವಣದಲ್ಲಿ ಮುಳುಗುವ ಹೊತ್ತೂ ಸಂಕಷ್ಟಿಯ ಚಂದ್ರ ಮೂಡಣದಲ್ಲಿ ಹುಟ್ಟುವ ಹೊತ್ತೂ ಹೆಚ್ಚು ಕಡಿಮೆ ಒಂದೇ, ರಾತ್ರಿ ಎಂಟೂವರೆ ಒಂಬತ್ತರ ಸುತ್ತ. ಗಣೇಶ ಚೌತಿಯಂದು ಒಂಬತ್ತೂವರೆಯ ಮೇಲೆ ಹೊರಗೆ ಓಡಾಡುವವರು ತಲೆ ತಗ್ಗಿಸಿ ನಡೆಯಬೇಕಾಗಿಲ್ಲ. ನೋಡಬಾರದ ಚಂದ್ರ ಅಷ್ಟು ಹೊತ್ತಿಗೆ ಆಕಾಶದಲ್ಲೇ ಇರುವುದಿಲ್ಲ.

ಈಗ ನಿಮ್ಮ ಅಕ್ಟೋಬರ್ 10ಕ್ಕೆ ಬರೋಣ. ಆ ದಿನ ಬೆಂಗಳೂರಿನಲ್ಲಿ ಸೂರ್ಯಾಸ್ತ ಸಂಜೆ ಸುಮಾರು 6.03ಕ್ಕೆ. ಚಂದ್ರೋದಯದ ಹೊತ್ತಿಗೆ ಚಂದ್ರ ಹುಣ್ಣಿಮೆಯ ಬಿಂದುವನ್ನು ದಾಟಿ ಸುಮಾರು 48 ಡಿಗ್ರಿ ಮುಂದೆ ಹೋಗಿದ್ದ. 48 ಡಿಗ್ರಿಗೆ 3 ಗಂಟೆ 12 ನಿಮಿಷ. ಗಳಿಗೆಯ ಲೆಕ್ಕದಲ್ಲಿ ಚಂದ್ರೋದಯ ರಾತ್ರಿ 9.15ಕ್ಕೆ ಆಗಬೇಕಿತ್ತು. ಆದದ್ದು 8.50ಕ್ಕೆ. ಮೇ 16ರಂದು ಸೂರ್ಯಾಸ್ತ ಸುಮಾರು 6.37, ಚಂದ್ರ ದಾಟಿದ್ದ ಕೋನ ಸುಮಾರು 44 ಡಿಗ್ರಿ. ಲೆಕ್ಕದ ಪ್ರಕಾರ 9.33, ಆದದ್ದು 9.55ರ ಸುಮಾರಿಗೆ. ಒಂದು ಕಡೆ 25 ನಿಮಿಷ ಬೇಗ, ಇನ್ನೊಂದು ಕಡೆ 20 ನಿಮಿಷಕ್ಕೂ ಹೆಚ್ಚು ತಡ. ಇದೇ ಲೆಕ್ಕವನ್ನು ದೆಹಲಿಗೆ ಹಾಕಿದರೆ ಅಕ್ಟೋಬರಿನ ವ್ಯತ್ಯಾಸ ಮುಕ್ಕಾಲು ಗಂಟೆಯನ್ನೂ ಮೀರುತ್ತದೆ. ಈ ತಪ್ಪು ಎಲ್ಲಿಂದ ಬಂತು ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಗಳಿಗೆಯ ಲೆಕ್ಕ ಚಂದ್ರ ಎಷ್ಟು ಪೂರ್ವಕ್ಕಿದ್ದಾನೆ ಎಂಬುದನ್ನು ಮಾತ್ರ ಕೇಳುತ್ತದೆ. ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕಿದ್ದಾನೆ ಎಂದು ಕೇಳುವುದಿಲ್ಲ. ಉದಯದ ಹೊತ್ತಿಗೆ ಅದೂ ಬೇಕು. ಸೂರ್ಯನ ವಿಷಯದಲ್ಲಿ ಇದು ನಿಮಗೆ ಗೊತ್ತಿರುವುದೇ. ಮೇ ತಿಂಗಳ ಕೊನೆಯಲ್ಲಿ ಸೂರ್ಯ ಉತ್ತರಕ್ಕೆ ಸರಿದಿರುವಾಗ ದೆಹಲಿಯಲ್ಲಿ 5.25ರ ಸುಮಾರಿಗೇ ಬೆಳಗಾಗುತ್ತದೆ, ಬೆಂಗಳೂರಿನಲ್ಲಿ 5.50 ದಾಟುತ್ತದೆ. ಜನವರಿ 1ರಂದು ಸೂರ್ಯ ದಕ್ಷಿಣದಲ್ಲಿರುವಾಗ ಬೆಂಗಳೂರಿನಲ್ಲಿ 6.40ರ ಸುಮಾರಿಗೆ ಸೂರ್ಯೋದಯವಾದರೆ, ದೆಹಲಿಯಲ್ಲಿ 7.15ರವರೆಗೆ ಕಾಯಬೇಕು. ಎರಡು ಊರುಗಳೂ ಹೆಚ್ಚು ಕಡಿಮೆ ಒಂದೇ ರೇಖಾಂಶದಲ್ಲಿವೆ, 77 ಡಿಗ್ರಿಯ ಆಚೀಚೆ. ಆದ್ದರಿಂದ ಇದು ಪೂರ್ವ ಪಶ್ಚಿಮದ ವ್ಯತ್ಯಾಸವಲ್ಲ. ದೆಹಲಿ ಉತ್ತರಕ್ಕೆ 28.6 ಡಿಗ್ರಿ ಅಕ್ಷಾಂಶದಲ್ಲಿದೆ, ಬೆಂಗಳೂರು 13ರಲ್ಲಿದೆ. ಉತ್ತರಕ್ಕೆ ಹೋದಷ್ಟೂ ಉತ್ತರದ ಸೂರ್ಯ ಹೆಚ್ಚು ಹೊತ್ತು ದಿಗಂತದ ಮೇಲಿರುತ್ತಾನೆ, ದಕ್ಷಿಣದ ಸೂರ್ಯ ಕಡಿಮೆ ಹೊತ್ತು.

ಚಂದ್ರನಿಗೂ ಇದೇ ನಿಯಮ. ಸೂರ್ಯ ವರ್ಷಕ್ಕೊಮ್ಮೆ ಮಾಡುವ ಉತ್ತರಾಯಣ ದಕ್ಷಿಣಾಯನವನ್ನು ಚಂದ್ರ ಸುಮಾರು 27.3 ದಿನಕ್ಕೊಮ್ಮೆ ಮಾಡಿ ಮುಗಿಸುತ್ತಾನೆ. ಯಾವುದೇ ದಿನದ ಚಂದ್ರನನ್ನು ತೆಗೆದುಕೊಂಡು, ‘ಸೂರ್ಯ ಈ ಜಾಗದಲ್ಲಿ ಯಾವ ತಾರೀಖಿಗೆ ಇರುತ್ತಾನೆ?’ ಎಂದು ಕೇಳಿಕೊಳ್ಳಿ. ಅಕ್ಟೋಬರ್ 10ರ ರಾತ್ರಿ ಚಂದ್ರನಿದ್ದ ಜಾಗದಲ್ಲಿ ಸೂರ್ಯ ಇರುವುದು ಮೇ ತಿಂಗಳ ಕೊನೆಯ ವಾರದಲ್ಲಿ. ಎಂದ ಮೇಲೆ ಆ ಚಂದ್ರ ಮೇ ತಿಂಗಳ ಸೂರ್ಯನಂತೆಯೇ ನಡೆದುಕೊಳ್ಳುತ್ತಾನೆ: ದೆಹಲಿಯಲ್ಲಿ ಬೇಗ, ಬೆಂಗಳೂರಿನಲ್ಲಿ ತಡ. ಮೇ 16ರ ಚಂದ್ರನಿದ್ದ ಜಾಗ ಸೂರ್ಯ ವರ್ಷಾಂತ್ಯಕ್ಕೆ ತಲುಪುವ ಜಾಗ, ಡಿಸೆಂಬರ್ 31, ಜನವರಿ 1ರದ್ದು. ಹಾಗಾಗಿ ಅಂದು ದೆಹಲಿಯ ಚಂದ್ರೋದಯ ಚಳಿಗಾಲದ ಸೂರ್ಯೋದಯದಂತೆ ಹಿಂದೆ ಬಿತ್ತು. ಬೇಸಗೆಯ ಸಂಕಷ್ಟಿಗೆ ಚಳಿಗಾಲದ ಸೂರ್ಯನ ಜಾಗ, ಶರದೃತುವಿನ ಸಂಕಷ್ಟಿಗೆ ಬೇಸಗೆಯ ಸೂರ್ಯನ ಜಾಗ. ಇಷ್ಟು ನೆನಪಿದ್ದರೆ ದೆಹಲಿ ಬೆಂಗಳೂರುಗಳ ಜಗಳ ತೀರಿದಂತೆ.

ಪೂರ್ತಿ ತೀರಲಿಲ್ಲ, ಸ್ವಲ್ಪ ಉಳಿದಿದೆ. ಮೇ ಕೊನೆಯಲ್ಲಿ ಎರಡು ಊರುಗಳ ಸೂರ್ಯೋದಯದ ವ್ಯತ್ಯಾಸ ಅರ್ಧ ಗಂಟೆಯನ್ನು ಮುಟ್ಟುವುದಿಲ್ಲ. ಚಂದ್ರೋದಯದ ವ್ಯತ್ಯಾಸ ಮಾತ್ರ ಅಕ್ಟೋಬರ್ 10ರಂದು 35 ನಿಮಿಷ ಇತ್ತು. ಕಾರಣ, ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಆ ಓರೆ ನಿಧಾನವಾಗಿ ಸುತ್ತುತ್ತಾ 18.6 ವರ್ಷಕ್ಕೊಂದು ಆವರ್ತ ಮುಗಿಸುತ್ತದೆ. ಕೆಲವು ವರ್ಷಗಳಲ್ಲಿ ಚಂದ್ರ ಉತ್ತರಕ್ಕೂ ದಕ್ಷಿಣಕ್ಕೂ 18.5 ಡಿಗ್ರಿಯಷ್ಟೇ ಹೋಗಿ ಹಿಂದಿರುಗುತ್ತಾನೆ. ಮತ್ತೆ ಕೆಲವು ವರ್ಷಗಳಲ್ಲಿ 28.5 ಡಿಗ್ರಿಯವರೆಗೂ ಹೋಗುತ್ತಾನೆ. ಸೂರ್ಯನ ಗಡಿ 23.4. 2024 ಮತ್ತು 2025 ಚಂದ್ರ ತನ್ನ ಗಡಿಯ ತುತ್ತತುದಿಯವರೆಗೆ ಹೋದ ವರ್ಷಗಳು. ನೀವು ಗಮನಿಸಿದ ವ್ಯತ್ಯಾಸ ಅಷ್ಟು ಎದ್ದು ಕಂಡದ್ದು ಅದಕ್ಕೇ. 2034ರ ಆಸುಪಾಸಿನಲ್ಲಿ ಇದೇ ಅಕ್ಟೋಬರ್ ತಿಂಗಳ ಸಂಕಷ್ಟಿಗೆ ಮಗಳಿಗೆ ಫೋನ್ ಮಾಡಿದರೆ ವ್ಯತ್ಯಾಸ 25 ನಿಮಿಷಕ್ಕೂ ಕೆಳಗೆ ಇಳಿದಿರುತ್ತದೆ.

ಇದರ ಇನ್ನೊಂದು ಗುರುತು ನಿಮ್ಮ ತಾರಸಿಯಲ್ಲೇ ಸಿಗುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವ ಜಾಗ ವರ್ಷವಿಡೀ ನೇರ ಪೂರ್ವದಿಂದ ಎಡಕ್ಕೆ 24 ಡಿಗ್ರಿ, ಬಲಕ್ಕೆ 24 ಡಿಗ್ರಿ ಸರಿದಾಡುತ್ತದೆ. ಚಂದ್ರ 2025ರಂಥ ವರ್ಷಗಳಲ್ಲಿ 29 ಡಿಗ್ರಿಯ ಎಡ ತುದಿಯಿಂದ 29 ಡಿಗ್ರಿಯ ಬಲ ತುದಿಗೆ ಎರಡೇ ವಾರದಲ್ಲಿ ಹೋಗಿಬಿಡುತ್ತಾನೆ. ಕಳೆದ ಸಂಕಷ್ಟಿಗೆ ನೀರಿನ ಟ್ಯಾಂಕಿನ ಹಿಂದಿನಿಂದ ಬಂದವನು ಇನ್ನೊಂದು ಸಂಕಷ್ಟಿಗೆ ತೆಂಗಿನ ಮರದ ಆಚೆಯಿಂದ ಬಂದರೆ ಗಾಬರಿಯಾಗಬೇಡಿ. ಡಿಸೆಂಬರಿನ ಹುಣ್ಣಿಮೆಯ ಚಂದ್ರ ನಡುರಾತ್ರಿ ಬೆಂಗಳೂರಿನ ನೆತ್ತಿಯನ್ನೂ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಆಗ ನಿಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನಿನ ಹುಣ್ಣಿಮೆಯವನು ನೆತ್ತಿಯಿಂದ ಸಾಕಷ್ಟು ದಕ್ಷಿಣಕ್ಕೆ ವಾಲಿ ಸಾಗುತ್ತಾನೆ.

ಬೆಂಗಳೂರಿನ ಒಂದು ವರ್ಷದ ಸಂಕಷ್ಟಿಗಳನ್ನು ಸಾಲಾಗಿ ಬರೆದರೆ ಏರಿಳಿತ ಸ್ಪಷ್ಟವಾಗುತ್ತದೆ. ಭಾದ್ರಪದ, ಆಶ್ವಯುಜ ಬಹುಳ ಚೌತಿಗಳಲ್ಲಿ ಸರಾಸರಿ ಎಂಟೂವರೆಯ ಸುಮಾರಿಗೆ ಚಂದ್ರೋದಯ. ಚೈತ್ರ, ವೈಶಾಖ, ಜ್ಯೇಷ್ಠಗಳಲ್ಲಿ ಒಂಬತ್ತೂವರೆ ದಾಟುತ್ತದೆ. ಬೇಸಗೆಯಲ್ಲಿ ಸೂರ್ಯ ತಡವಾಗಿ ಮುಳುಗುವುದು ಒಂದು ಕಾರಣ. ದಕ್ಷಿಣದ ಚಂದ್ರ ತಡವಾಗಿ ಏಳುವುದು ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಉಪವಾಸ ಮಾಡುವವರಿಗೆ ಬೇಸಗೆಯ ಸಂಕಷ್ಟಿಯೇ ನಿಜವಾದ ಸಂಕಷ್ಟ.

‘ಸರಾಸರಿ’ ಎಂದು ಏಕೆ ಹೇಳಿದೆನೆಂದರೆ, ಚೌತಿಯ ಯಾವ ಭಾಗದಲ್ಲಿ ಚಂದ್ರ ಹುಟ್ಟುತ್ತಾನೆ ಎಂಬುದು ಪ್ರತಿ ತಿಂಗಳೂ ಬದಲಾಗುತ್ತದೆ. ಚೌತಿ ಆಗಷ್ಟೇ ಹಿಡಿದಿದ್ದರೆ ಚಂದ್ರ ಬೇಗ, ಇನ್ನೇನು ಬಿಡುವ ಹಂತದಲ್ಲಿದ್ದರೆ ತಡ. ಇದೊಂದರಿಂದಲೇ 48 ನಿಮಿಷ ಆಚೀಚೆ ಆಗಬಹುದು. ಇದರ ಜೊತೆಗೆ ಚಂದ್ರನ ವೇಗವೂ ಒಂದೇ ಸಮನಿಲ್ಲ. ಅವನ ದಾರಿ ದೀರ್ಘವೃತ್ತ. ಹತ್ತಿರ ಬಂದಾಗ 3,57,000 ಕಿಲೋಮೀಟರಿನಷ್ಟು ಸಮೀಪಕ್ಕೂ ಬರುತ್ತಾನೆ, ದೂರ ಹೋದಾಗ 4,06,000 ಕಿಲೋಮೀಟರ್ ದಾಟುವುದೂ ಉಂಟು. ಹತ್ತಿರವಿದ್ದಾಗ ದಿನಕ್ಕೆ 15 ಡಿಗ್ರಿ ಓಡುವವನು ದೂರವಿದ್ದಾಗ 12 ಡಿಗ್ರಿಗೆ ಇಳಿಯುತ್ತಾನೆ. ಆದ್ದರಿಂದಲೇ ತಿಥಿಯ ಉದ್ದ 19–20 ಗಂಟೆಯಿಂದ 26 ಗಂಟೆಗೂ ಮೇಲಿನವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ.

ನಿಮ್ಮ ಅಕ್ಟೋಬರ್ 10 ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಆ ತಿಂಗಳ ಹುಣ್ಣಿಮೆ 7ರಂದು. ಮರುದಿನವೇ ಚಂದ್ರ ಭೂಮಿಗೆ ಅತಿ ಹತ್ತಿರದ ಬಿಂದುವಿನಲ್ಲಿದ್ದ, ಎಂದರೆ ಓಟದ ಭರದಲ್ಲಿದ್ದ. ದೃಗ್ಗಣಿತದ (ಆಕಾಶದಲ್ಲಿ ಕಾಣುವ ನಿಜ ಸ್ಥಾನಗಳಿಗೆ ಹೊಂದಿಸಿದ ಲೆಕ್ಕದ) ಪ್ರಕಾರ ಚೌತಿ 9ರ ರಾತ್ರಿ ಹನ್ನೊಂದಕ್ಕೆ ಸ್ವಲ್ಪ ಮೊದಲು ಹಿಡಿದು 10ರ ಸಂಜೆ 7.40ರ ಸುಮಾರಿಗೆ ಬಿಟ್ಟಿತು. 21 ಗಂಟೆಯೂ ಪೂರ್ತಿ ಇರಲಿಲ್ಲ. 9ರ ಚಂದ್ರೋದಯದ ಹೊತ್ತಿಗೆ ಇನ್ನೂ ತದಿಗೆ. 10ರ ಚಂದ್ರೋದಯದ ಹೊತ್ತಿಗೆ ಆಗಲೇ ಪಂಚಮಿ! ಎರಡು ಚಂದ್ರೋದಯಗಳ ನಡುವೆ ಸರಾಸರಿ 24 ಗಂಟೆ 50 ನಿಮಿಷ ಇರುತ್ತದೆ. ಆ ಸಂದಿಯಲ್ಲಿ 21 ಗಂಟೆಯ ತಿಥಿ ಪೂರ್ತಿ ಜಾರಿಹೋಗುವುದು ಸಾಧ್ಯ. ಅಂಥ ಸಂದರ್ಭದಲ್ಲಿ ಯಾವ ದಿನ ವ್ರತ ಎಂಬುದನ್ನು ಧರ್ಮಶಾಸ್ತ್ರ ಬಲ್ಲವರು ನಿರ್ಣಯಿಸುತ್ತಾರೆ. ಅದು ಖಗೋಳದ ಕೆಲಸವಲ್ಲ. ಉತ್ತರ ಭಾರತದವರು ಅಂದೇ ಕರ್ವಾ ಚೌತ್ ಆಚರಿಸಿದರು. ಅವರ ಪಂಚಾಂಗದಲ್ಲಿ ಅದು ಕಾರ್ತಿಕ ಮಾಸ, ನಮ್ಮದರಲ್ಲಿ ಆಶ್ವಯುಜ. ಅವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಚಂದ್ರನಿಗೆ ಎರಡೂ ಒಂದೇ.

ಸಂಕಷ್ಟಿಯಿಂದ ಸ್ವಲ್ಪ ಹೊತ್ತು ಹೊರಗೆ ಬಂದು ದಿನದಿಂದ ದಿನಕ್ಕೆ ಆಗುವ ತಡವನ್ನೇ ನೋಡಿದರೆ, ಬೆಂಗಳೂರಿನಲ್ಲಿ ಅದು ಸುಮಾರು 40 ನಿಮಿಷದಿಂದ ಒಂದು ಗಂಟೆಯವರೆಗೆ ಬದಲಾಗುತ್ತದೆ. ನಮ್ಮ ಅಕ್ಷಾಂಶ ಕಡಿಮೆ. ಚಂದ್ರ ದಿಗಂತದಿಂದ ಹೆಚ್ಚು ಕಡಿಮೆ ನೆಟ್ಟಗೆ ಏಳುತ್ತಾನೆ. ಆದ್ದರಿಂದ 50 ನಿಮಿಷ ಎಂಬ ಸರಾಸರಿ ನಮಗೆ ತಕ್ಕಮಟ್ಟಿಗೆ ಒಗ್ಗುತ್ತದೆ. ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಒಗ್ಗುವುದಿಲ್ಲ. ಅಲ್ಲಿ ಸೆಪ್ಟೆಂಬರ್ ಕೊನೆಯ ಆಸುಪಾಸಿನ ಹುಣ್ಣಿಮೆಯಲ್ಲಿ ಚಂದ್ರನ ದಾರಿ ಮೂಡಣದ ದಿಗಂತಕ್ಕೆ ಬಹಳ ವಾಲಿರುತ್ತದೆ. ಅವನು ದಿನವೂ 12 ಡಿಗ್ರಿ ಮುಂದೆ ಹೋದರೂ ದಿಗಂತದಿಂದ ಕೆಳಗಿಳಿಯುವುದು ಸ್ವಲ್ಪವೇ. ಹಾಗಾಗಿ ನಾಲ್ಕೈದು ಸಂಜೆ ಬಿಟ್ಟೂಬಿಡದೆ 10–20 ನಿಮಿಷದ ಅಂತರದಲ್ಲೇ ಚಂದ್ರೋದಯ. ಸುಗ್ಗಿಯ ಕಾಲದಲ್ಲಿ ರೈತರಿಗೆ ಸೂರ್ಯಾಸ್ತದ ನಂತರವೂ ಬೆಳಕು ಸಿಗುತ್ತಿದ್ದುದರಿಂದ ಆ ಹುಣ್ಣಿಮೆಗೆ ಅಲ್ಲಿ ಸುಗ್ಗಿಯ ಚಂದ್ರನೆಂದೇ ಹೆಸರು. ಅದೇ ಲಂಡನ್ನಿನಲ್ಲಿ ಮಾರ್ಚ್ ಹುಣ್ಣಿಮೆಯ ಸುತ್ತ ದಿನಕ್ಕೆ ಒಂದು ಗಂಟೆಗೂ ಮೀರಿ ತಡವಾಗುತ್ತದೆ.

ಬಿದಿಗೆಯ ಚಂದ್ರನ ಕೋಡುಗಳ ವಾಲಿಕೆಯೂ ಚಂದ್ರನ ದಾರಿ ದಿಗಂತಕ್ಕೆ ಹೀಗೆ ಓರೆಯಾಗುವುದರ ಮಗುವೇ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ಸಂಜೆಯ ಬಿದಿಗೆ ಚಂದ್ರ ಎರಡೂ ಕೋಡು ಮೇಲಕ್ಕೆತ್ತಿ ಅಂಗಾತ ಮಲಗಿರುತ್ತಾನೆ. ಶರದೃತುವಿನಲ್ಲಿ ಒಂದು ಬದಿಗೆ ವಾಲಿರುತ್ತಾನೆ. ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತದಲ್ಲಿ ಶೃಂಗೋನ್ನತಿ (ಕೋಡಿನ ಎತ್ತರ) ಎಂದು ಇದಕ್ಕೇ ಒಂದು ಅಧ್ಯಾಯವಿದೆ. ಯಾವ ಕೋಡು ಮೇಲಿದೆ ಎಂಬುದರಿಂದ ಮಳೆ ಬೆಳೆಯ ಭವಿಷ್ಯ ಹೇಳುವವರೂ ಇದ್ದಾರೆ. ಕೋಡು ಹೇಳುವುದು ಸೂರ್ಯ ಯಾವ ದಿಕ್ಕಿನಲ್ಲಿ ಮುಳುಗಿದ್ದಾನೆ ಎಂಬುದನ್ನು ಮಾತ್ರ. ಮಳೆಯ ಸುದ್ದಿ ಅದಕ್ಕೆ ಗೊತ್ತಿಲ್ಲ.

ಇನ್ನು ತಾರಸಿಯ ಸಮಸ್ಯೆ. ಪಂಚಾಂಗದ ಚಂದ್ರೋದಯ ಸಮುದ್ರದಂತೆ ಸಮತಟ್ಟಾದ ದಿಗಂತಕ್ಕೆ ಗುಣಿಸಿದ್ದು. ನಿಮ್ಮ ಮುಂದೆ ಇರುವುದು ಅಪಾರ್ಟ್‌ಮೆಂಟು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮೂಡಣದ ಕಟ್ಟಡ ದಿಗಂತದಿಂದ ಒಂದು ಮುಷ್ಟಿ ಎತ್ತರಕ್ಕಿದ್ದರೆ ಚಂದ್ರ ಅದನ್ನು ಏರಿ ಬರಲು 40 ನಿಮಿಷಕ್ಕೂ ಸ್ವಲ್ಪ ಹೆಚ್ಚು ಬೇಕು. ಅರ್ಧ ಮುಷ್ಟಿಗೆ 20 ನಿಮಿಷ. ಒಮ್ಮೆ ಅಳೆದಿಟ್ಟುಕೊಂಡರೆ ಪ್ರತಿ ತಿಂಗಳೂ ಮೆಟ್ಟಿಲು ಹತ್ತಿ ಇಳಿಯುವ ಕಷ್ಟ ತಪ್ಪುತ್ತದೆ. ಆದರೆ ಚಂದ್ರ ಹುಟ್ಟುವ ಜಾಗ ಸರಿದಾಡುವುದರಿಂದ ಎಡಕ್ಕೊಂದು, ನಡುವಿಗೊಂದು, ಬಲಕ್ಕೊಂದು ಅಳತೆ ಬೇಕು. ಮಲೆನಾಡಿನ ಕಣಿವೆಯ ಮನೆಗಳಲ್ಲಿ ಈ ತಡ ಒಂದು ಗಂಟೆಯನ್ನು ದಾಟಿದರೂ ಆಶ್ಚರ್ಯವಿಲ್ಲ. ಇದಕ್ಕೆ ವಿರುದ್ಧವಾಗಿ ನಂದಿಬೆಟ್ಟದ ತುದಿಯಲ್ಲಿ ನಿಂತವರಿಗೆ ದಿಗಂತವೇ ತಗ್ಗಿ ಕಾಣುವುದರಿಂದ ಎರಡು ಮೂರು ನಿಮಿಷ ಮೊದಲೇ ಚಂದ್ರ ಸಿಗುತ್ತಾನೆ.

ನಿಮ್ಮ ಪಂಚಾಂಗ ಯಾವ ಊರಿಗೆ ಗುಣಿಸಿದ್ದು ಎಂಬುದನ್ನೂ ನೋಡಿಕೊಳ್ಳಿ. ರೇಖಾಂಶದ ಪ್ರತಿ ಡಿಗ್ರಿಗೆ 4 ನಿಮಿಷ. ಕೋಲಾರಕ್ಕೂ ಕಾರವಾರಕ್ಕೂ ನಡುವೆ 4 ಡಿಗ್ರಿ ಇರುವುದರಿಂದ ಕಾರವಾರದವರು ಸುಮಾರು 16 ನಿಮಿಷ ಹೆಚ್ಚು ಕಾಯಬೇಕು. ಬೆಂಗಳೂರು, ಮಂಗಳೂರುಗಳ ನಡುವೆ 11 ನಿಮಿಷ. ಕರಾವಳಿಯವರು ಬೆಂಗಳೂರಿನ ಕ್ಯಾಲೆಂಡರ್ ನೋಡಿ ‘ಚಂದ್ರ ತಡ ಮಾಡಿದ’ ಎಂದರೆ ಅದು ಚಂದ್ರನ ತಪ್ಪಲ್ಲ.

ನಿಮಿಷದ ಲೆಕ್ಕದಲ್ಲಿ ಆಸಕ್ತಿ ಇರುವವರಿಗೆ ಇನ್ನೊಂದು ಸಣ್ಣ ಸಂಗತಿ. ಗಾಳಿ ಬೆಳಕನ್ನು ಬಗ್ಗಿಸುವುದರಿಂದ ಸೂರ್ಯ ನಿಜಕ್ಕೂ ದಿಗಂತದ ಕೆಳಗಿರುವಾಗಲೇ ನಮಗೆ ಕಾಣುತ್ತಾನೆ. ಚಂದ್ರನಿಗೂ ಈ ಲಾಭ ಇದೆ. ಆದರೆ ಅವನು ಹತ್ತಿರದವನು. ಲೆಕ್ಕವನ್ನು ಭೂಮಿಯ ಕೇಂದ್ರದಿಂದ ಮಾಡುತ್ತಾರೆ, ನಾವು ನೋಡುವುದು ಮೇಲ್ಮೈಯಿಂದ. ಆ ಕಾರಣಕ್ಕೆ ದಿಗಂತದಲ್ಲಿ ಅವನು ಸುಮಾರು ಒಂದು ಡಿಗ್ರಿಯಷ್ಟು ಕೆಳಗೆ ಕಾಣುತ್ತಾನೆ. ಬಗ್ಗಿದ ಬೆಳಕು ಎತ್ತಿದ್ದನ್ನು ಈ ಸಾಮೀಪ್ಯ ಇಳಿಸಿ, ಕೊನೆಗೆ ಉಳಿಯುವುದು ಅರ್ಧ ನಿಮಿಷ. ಸಂಕಷ್ಟಿಯ ಅಡುಗೆ ಅಷ್ಟರಲ್ಲಿ ಆರುವುದಿಲ್ಲ.

ಉಳಿದದ್ದು ಕ್ಯಾಲೆಂಡರಿನ ಗೆರೆ. ಅದು ಅಚ್ಚಿನ ದೋಷವಲ್ಲ. 29.53 ದಿನಗಳಲ್ಲಿ ಸೂರ್ಯ 29.53 ಸಲ ಹುಟ್ಟಿದರೆ ಚಂದ್ರ ಒಂದು ಸುತ್ತು ಹಿಂದೆ ಬಿದ್ದು 28.53 ಸಲ ಮಾತ್ರ ಹುಟ್ಟುತ್ತಾನೆ. ಎಂದರೆ ತಿಂಗಳಿಗೆ ಒಂದು ತಾರೀಖಿಗೆ ಚಂದ್ರೋದಯವೇ ಇರುವುದಿಲ್ಲ. ಇದು ಬೀಳುವುದು ಬಹುಳ ಅಷ್ಟಮಿಯ ಆಸುಪಾಸಿನಲ್ಲಿ. ಹಿಂದಿನ ದಿನ ರಾತ್ರಿ 11.40ಕ್ಕೆ ಹುಟ್ಟಿದನೆಂದುಕೊಳ್ಳಿ. ಮುಂದಿನ ಉದಯ 24 ಗಂಟೆ 50 ನಿಮಿಷದ ನಂತರ, ಎಂದರೆ ನಡುರಾತ್ರಿ ದಾಟಿ 12.30ಕ್ಕೆ. ಅಷ್ಟರಲ್ಲಿ ತಾರೀಖು ಬದಲಾಗಿರುತ್ತದೆ. ನಡುವಿನ ತಾರೀಖಿಗೆ ಗೆರೆ. ಇದೇ ರೀತಿ ಶುದ್ಧ ಅಷ್ಟಮಿಯ ಸುತ್ತ ಒಂದು ತಾರೀಖಿಗೆ ಚಂದ್ರಾಸ್ತ ಇರುವುದಿಲ್ಲ. ಅದನ್ನು ಯಾರೂ ಗಮನಿಸುವುದಿಲ್ಲ, ಏಕೆಂದರೆ ಚಂದ್ರಾಸ್ತಕ್ಕಾಗಿ ಹಸಿದು ಕಾಯುವ ವ್ರತ ಯಾವುದೂ ಇಲ್ಲ.

ಈ ಗೆರೆಯನ್ನು ಪಂಚಾಂಗದ ತಿಥಿಕ್ಷಯದೊಂದಿಗೆ ಬೆರೆಸಬೇಡಿ. ತಿಥಿಕ್ಷಯವೆಂದರೆ ಗಿಡ್ಡ ತಿಥಿಯೊಂದು ಎರಡು ಸೂರ್ಯೋದಯಗಳ ನಡುವೆಯೇ ಹುಟ್ಟಿ ಮುಗಿದುಹೋಗುವುದು. ಗೆರೆ ಎಂದರೆ ಎರಡು ನಡುರಾತ್ರಿಗಳ ನಡುವೆ ಚಂದ್ರೋದಯ ಸಿಗದಿರುವುದು. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಕ್ಯಾಲೆಂಡರಿನದು ನಡುರಾತ್ರಿಯಿಂದ ನಡುರಾತ್ರಿಗೆ. ಆದ್ದರಿಂದ ಬಹುಳ ನವಮಿಯಿಂದ ಮುಂದಕ್ಕೆ, ರಾತ್ರಿ ಒಂದು ಗಂಟೆಗೋ ಎರಡು ಗಂಟೆಗೋ ಆಗುವ ಚಂದ್ರೋದಯವನ್ನು ಮೊಬೈಲ್ ಆ್ಯಪ್ ಒಂದು ತಾರೀಖಿಗೆ ಹಾಕಿದರೆ ಸಾಂಪ್ರದಾಯಿಕ ಪಂಚಾಂಗ ಹಿಂದಿನ ದಿನದ ಲೆಕ್ಕಕ್ಕೆ ಸೇರಿಸುತ್ತದೆ. ಎರಡರಲ್ಲೂ ಚಂದ್ರ ಹುಟ್ಟಿದ ಕ್ಷಣ ಒಂದೇ. ಸಂಕಷ್ಟಿಯ ಮಟ್ಟಿಗೆ ಈ ತೊಡಕು ನಿಮ್ಮನ್ನು ಬಾಧಿಸುವುದಿಲ್ಲ. ಬೆಂಗಳೂರಿನಲ್ಲಿ ಬಹುಳ ಚೌತಿಯ ಚಂದ್ರ ಯಾವ ತಿಂಗಳಲ್ಲೂ ನಡುರಾತ್ರಿಯವರೆಗೆ ಕಾಯಿಸುವುದಿಲ್ಲ. ಮಗಳಿಗೆ ಮಾತ್ರ ದೆಹಲಿಗೇ ಗುಣಿಸಿದ ಸಮಯ ನೋಡಿಕೊಳ್ಳಲು ಹೇಳಿ.